ಕಾಡವ್ವ ಇಲಿಗಳಿಗೆ ಬಾಗಿಲು ಹಾಕಿದ್ದು

ಕಾಡವ್ವನ ಮನೆಗೆ ಎರಡು ಗಾಲಿಗಳಿದ್ದವು. ಟ್ರ್ಯಾಕ್ಟರಿಗೆ ಕಟ್ಟಿ ಎಳೆಯುವ ಹಳೆಯ ಟ್ರೇಲರಿನ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಹೊರಗೆ ತಗಡು, ಒಳಗೆ ಪ್ಲೈವುಡ್ ಹೊಡೆದು ಮಾಡಿದ ಒಂದೇ ಖೋಲಿ. ರಸ್ತೆ ಕೆಲಸದವರು ಅದನ್ನು ಡಬ್ಬಾ ಎನ್ನುತ್ತಿದ್ದರು. ಆಕೆಯ ಗಂಡ ಧರೆಪ್ಪ ಅಥಣಿ ಕಡೆಯ ಹಳ್ಳಿಯಿಂದ ಸಾಂಗಲಿ ಸೀಮೆಗೆ ಬಂದು ಒಬ್ಬ ಗುತ್ತಿಗೆದಾರನ ಹತ್ತಿರ ರೋಲರ್ ಓಡಿಸಲು ನಿಂತಾಗ ಸಿಕ್ಕ ಮನೆ. ಅದೇ ರಸ್ತೆಗಳ ಮೇಲೆ ಕಾಡವ್ವ ಜಲ್ಲಿಕಲ್ಲಿನ ಖಡಿ ಹೊತ್ತಳು. ರಸ್ತೆ ಎಲ್ಲಿಯವರೆಗೆ ಹೋಯಿತೋ ಮನೆಯೂ ಅಲ್ಲಿಯವರೆಗೆ ಹೋಯಿತು. ಸಮಡೋಳಿಯ ಹತ್ತಿರ ಒಂದು ವರ್ಷ, ಬುಧಗಾಂವದ ಬದಿಗೆ ಎರಡು ಮಳೆಗಾಲ, ಆಮೇಲೆ ಇನ್ನೆಲ್ಲೋ. ಒಬ್ಬಳೇ ಮಗಳು ಸಪನಾ ಮೂರು ಮರಾಠಿ ಶಾಲೆ ಬದಲಿಸಿ ಹತ್ತನೆಯ ಇಯತ್ತೆ ಮುಗಿಸಿದಳು. ಅವ್ವ ಅಪ್ಪ ಆಡುವ ಕನ್ನಡ ಅವಳಿಗೆ ಪೂರಾ ತಿಳಿಯುತ್ತದೆ, ಆದರೆ ಬಾಯಿ ತೆರೆದರೆ ಅರ್ಧ ಮರಾಠಿಯೇ ಬರುತ್ತದೆ. ಈಗ ಅವಳು ಬುಧಗಾಂವದ ಸೊಸೆ. ಗಂಡ ಮಂಗೇಶ ಸಾಂಗಲಿಯ ಒಂದು ಕಾರಖಾನೆಯಲ್ಲಿ ಕೆಲಸಕ್ಕಿದ್ದಾನೆ.

ಡಬ್ಬಾದಲ್ಲಿ ಇಲಿಗಳು ಯಾವಾಗಲೂ ಇದ್ದವು. ಹೊಲದ ಬದುವಿಗೆ ನಿಂತ ಮನೆ, ಬಾರದೆ ಏನು ಮಾಡಿಯಾವು? ಜೋಳದ ಚೀಲ ಹರಿಯುತ್ತಿದ್ದವು, ಸೋಪಿನ ತುಂಡು ಎಳೆದೊಯ್ಯುತ್ತಿದ್ದವು. ಕಾಡವ್ವ ಬೈದು, ನಕ್ಕು, ಚೀಲ ಹೊಲಿದು ಸುಮ್ಮನಾಗುತ್ತಿದ್ದಳು.

ಧರೆಪ್ಪನ ಅಂಗಾಲುಗಳ ಬಗ್ಗೆ ಕೆಲಸದವರಲ್ಲಿ ಒಂದು ಮಾತಿತ್ತು. ಬಿಸಿ ಡಾಂಬರಿನ ಮೇಲೆ ಆತ ಬರಿಗಾಲಲ್ಲಿ ದಾಟಿ ಹೋಗಬಲ್ಲವನಾಗಿದ್ದ. "ನನ್ನ ಕಾಲು ಎಮ್ಮಿ ತೊಗಲಪಾ" ಎಂದು ಹುಡುಗರಿಗೆ ತೋರಿಸಿ ನಗುತ್ತಿದ್ದ. ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದರೂ ಆತನಿಗೆ ಗೊತ್ತಾಗುತ್ತಿರಲಿಲ್ಲ. ಅದು ಗಟ್ಟಿತನವಲ್ಲ, ಬ್ಯಾನಿ ಎಂದು ತಿಳಿಯಲು ಆರು ವರ್ಷ ಹಿಡಿಯಿತು. ಕಣ್ಣು ಮಂಜಾದವೆಂದು ತೋರಿಸಲು ಹೋದಾಗ ರಕ್ತ ತಪಾಸಣೆ ಮಾಡಿ ಶುಗರ್ ಎಂದರು. ರೋಲರ್ ಬಿಡಿಸಿ, ಲಿಂಗನೂರಿನ ಹತ್ತಿರ ಅರ್ಧಕ್ಕೆ ನಿಂತ ರಸ್ತೆಯ ಮಷಿನು, ಖಡಿ ಕಾಯಲು ಇಟ್ಟರು. ಡಬ್ಬಾ ಅಲ್ಲಿಯೇ ಒಂದು ಕಬ್ಬಿನ ಹೊಲದ ಅಂಚಿಗೆ ನಿಂತಿತು. ಗಾಲಿಗಳ ಗಾಳಿ ಇಳಿದು ಟಾಯರು ಮಣ್ಣಿಗೆ ಅಂಟಿಕೊಂಡವು.

ಆ ಚಳಿಗಾಲದಲ್ಲಿ ಕಬ್ಬು ಕಡಿಯುವ ಗ್ಯಾಂಗು ಬಂತು. ನಾಲ್ಕು ದಿನದಲ್ಲಿ ಹೊಲ ಬಯಲಾಯಿತು. ಅದರೊಳಗಿನ ಇಲಿಗಳಿಗೆ ಉಳಿದ ಆಸರೆ ಒಂದೇ, ಬದುವಿನ ಮೇಲಿನ ಡಬ್ಬಾ.

ಐದನೆಯ ದಿನ ಬೆಳಗ್ಗೆ ಚಹಾಕ್ಕೆ ಇಟ್ಟು ಗಂಡನ ಕೌದಿ ಮಡಿಸಲು ಹೋದ ಕಾಡವ್ವನ ಕೈಗೆ ಅಂಟಂಟಾಯಿತು. ನೋಡಿದರೆ ರಕ್ತ.

"ಏನರಿ ಇದು? ಎಲ್ಲಿ ಹತ್ತೇತಿ?"

"ಏನ ಹತ್ತೇತಿ? ನನಗೇನೂ ಆಗಿಲ್ಲಲ್ಲ" ಎಂದ ಧರೆಪ್ಪ.

ಆಕೆ ಆತನ ಬಲಗಾಲನ್ನು ಬೆಳಕಿಗೆ ಎಳೆದಳು. ಹೆಬ್ಬೆರಳಿನ ತುದಿಯ ಮಾಂಸ ಇರಲಿಲ್ಲ. ಪಕ್ಕದ ಬೆರಳೂ ಅರ್ಧ ಹೋಗಿತ್ತು. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲಿನ ಗುರುತು. ಧರೆಪ್ಪ ಬಗ್ಗಿ ನೋಡಿದ, ಬೇರೆ ಯಾರದೋ ಕಾಲನ್ನು ನೋಡುವವನ ಹಾಗೆ. "ಇಲಿ ತಿಂದಾವೇನ?" ಎಂದು ಆಕೆಯನ್ನೇ ಕೇಳಿದ.

ಮಿರಜದ ದವಾಖಾನೆಯಲ್ಲಿ ಎರಡೂ ಬೆರಳು ತೆಗೆದರು. ಅಲ್ಲಿಯ ಡಾಕ್ಟರ್ ಬಾಯಿ ಕಾಡವ್ವನನ್ನು ಕೂಡಿಸಿಕೊಂಡು ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಶುಗರಿನಿಂದ ಪಾದದ ನರ ಸತ್ತಿವೆ. ನೋವಾದರೆ ಮನುಷ್ಯ ಕಾಲು ಎಳೆದುಕೊಳ್ಳುತ್ತಾನೆ, ಇಲಿ ಓಡುತ್ತದೆ. ಇವರಿಗೆ ನೋವೇ ಇಲ್ಲ. ಇನ್ನು ಮೇಲೆ ದಪ್ಪನೆಯ ಕಾಲುಚೀಲ ಹಾಕಬೇಕು, ದಿನಾ ಬೆಳಗ್ಗೆ ಎರಡೂ ಪಾದ ತಿರುಗಿಸಿ ನೋಡಬೇಕು. ಮುಖ್ಯವಾಗಿ, ಇಲಿ ಇಲ್ಲದ ಮನೆಯಲ್ಲಿ ಇರಬೇಕು.

ಸಪನಾ ದವಾಖಾನೆಯಲ್ಲಿ ಅಪ್ಪನ ಹತ್ತಿರ ಉಳಿದಳು. "ಆಯಿ, ನಮ್ಮ ಮನಿಗೇ ಬರ್ರಿ ಇಬ್ಬರೂ" ಎಂದಳು. ಎರಡು ಖೋಲಿಯಲ್ಲಿ ಅತ್ತೆ, ಮಾವ, ಮೈದುನ, ಮಕ್ಕಳು. ಕರೆದವಳಿಗೂ ಕೇಳಿದವಳಿಗೂ ಅದು ಆಗದ ಮಾತೆಂದು ಗೊತ್ತಿತ್ತು.

"ನಮ್ಮ ಡಬ್ಬಾನ ಇಲಿ ಬರಧಂಗ ಮಾಡತೇನಿ" ಎಂದು ಹೇಳಿ ಕಾಡವ್ವ ಲಿಂಗನೂರಿಗೆ ಮರಳಿದಳು.

ಕೆಲಸದ ಮುಕಾದಮ ಧೋಂಡಿಬಾ ಆಕೆಯನ್ನು ಚಿಕ್ಕವ್ವನೆಂಬಂತೆ ಮಾವಶಿ ಎಂದು ಕರೆಯುತ್ತಿದ್ದ ಒಳ್ಳೆಯ ಮನುಷ್ಯ. ತಂತಿಯ ಜಾಳಿಗೆ, ಒಂದು ಬುಟ್ಟಿ ಸಿಮೆಂಟು, ತಗಡಿನ ತುಂಡುಗಳನ್ನು ತಂದುಕೊಟ್ಟ. "ಮಾವಶಿ, ವಿಷದ ಗುಳಿಗಿ ಇಡ್ರಿ, ಎರಡ ದಿನದಾಗ ಸಾಫ್" ಎಂದ.

"ಬ್ಯಾಡಪಾ. ಪ್ಲೈವುಡ್ ಹಿಂದ ಹೋಗಿ ಸತ್ತರ ನಾರತಾವ. ಆ ನಾತದಾಗ ಗಾಯದ ಮನಿಷ್ಯಾನ ಹೆಂಗ ಮಲಗಸಲಿ?"

ಮಟಮಟ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಒಳಗೆ ಕುಳಿತಳು. ಕತ್ತಲಾದ ಡಬ್ಬಾದಲ್ಲಿ ಎಲ್ಲೆಲ್ಲಿ ಬೆಳಕು ಇಣುಕಿತೋ ಅಲ್ಲಲ್ಲಿ ಸುಣ್ಣದ ಗುರುತು ಮಾಡಿದಳು. ಕಿರುಬೆರಳು ಹೊಕ್ಕರೆ ಇಲಿಯೂ ಹೊಕ್ಕೀತು ಎಂದು ಬೆರಳಿಟ್ಟೇ ನೋಡಿದಳು. ಇಪ್ಪತ್ತಮೂರು ತೂತು ಸಿಕ್ಕವು. ಕರೆಂಟಿನ ವಾಯರು ಬರುವ ಕಡೆ, ಗಾಲಿಯ ಮೇಲಿನ ತಗಡು ಬಿಟ್ಟ ಕಡೆ, ಬಾಗಿಲ ಬುಡದ ಉದ್ದ ಸಂದು. ಪಾತ್ರೆ ತಿಕ್ಕುವ ತಂತಿಯ ಜುಂಗನ್ನು ಸಣ್ಣ ತೂತುಗಳಿಗೆ ಒತ್ತಿ ತುಂಬಿದಳು, ಅದನ್ನು ಇಲಿಯ ಹಲ್ಲು ಹರಿಯಲಾರದು. ದೊಡ್ಡವಕ್ಕೆ ಜಾಳಿಗೆ ಹೊಡೆದು, ಬಳೆಚೂರು ಕಲಸಿದ ಸಿಮೆಂಟು ಮೆತ್ತಿದಳು. ಟ್ರೇಲರಿನ ತಳದಲ್ಲಿ ಅಂಗಾತ ಮಲಗಿ ಗಿಲಾಯಿ ಮಾಡುವಾಗ ಸಿಮೆಂಟು ಕಣ್ಣಿಗೆ ಬಿತ್ತು. ಟ್ರ್ಯಾಕ್ಟರಿಗೆ ಸಿಕ್ಕಿಸುವ ಮೂತಿ ಕಲ್ಲಿನ ಮೇಲೆ ಕೂತಿತ್ತಲ್ಲ, ಅದನ್ನೇ ಏಣಿ ಮಾಡಿಕೊಂಡು ಇಲಿಗಳು ಹತ್ತಿಯಾವೆಂದು ಎಣ್ಣೆ ಡಬ್ಬಿ ಸೀಳಿ ಅದರ ಸುತ್ತ ಪುಟ್ಟ ಕೊಡೆಯ ಹಾಗೆ ಕಟ್ಟಿದಳು. ಟಾಯರುಗಳಿಗೂ ತಗಡಿನ ಮರೆ ಮಾಡಿದಳು. ಜೋಳ, ಬೇಳೆ, ಬೆಲ್ಲ ಎಲ್ಲವೂ ಮುಚ್ಚಳ ಬಿಗಿಯುವ ಡಬ್ಬಿಗಳಿಗೆ ಹೋದವು. ನಾಲ್ಕು ದಿನದ ಕೆಲಸ. ಐದನೆಯ ದಿನ ಮತ್ತೆ ಬಾಗಿಲು ಹಾಕಿಕೊಂಡು ಕುಳಿತಳು. ಎಲ್ಲಿಯೂ ಬೆಳಕಿನ ಒಂದು ಎಳೆ ಇರಲಿಲ್ಲ.

ಧರೆಪ್ಪನನ್ನು ಕರೆದುಕೊಂಡು ಬಂದರು. ಸಪನಾ ಎರಡು ಜೋಡಿ ನೀಲಿ ಉಣ್ಣೆಯ ಕಾಲುಚೀಲ ತಂದಿದ್ದಳು. ಕಾಡವ್ವ ಬಲಗಾಲಿನ ಪಟ್ಟಿ ಬದಲಿಸಿ, ಎಡಗಾಲನ್ನು ತಿರುಗಿಸಿ ನೋಡಿ, ಕಾಲುಚೀಲ ತೊಡಿಸುತ್ತಿದ್ದಳು. ಹೀಗೆ ಎಂಟು ದಿನ. ಒಂದು ಹಿಕ್ಕೆ ಇಲ್ಲ, ಒಂದು ಕಾಳು ಚೆಲ್ಲಿಲ್ಲ. ಒಂಬತ್ತನೆಯ ದಿನ ನಸುಕಿಗೇ ಧೋಂಡಿಬಾ ಮಾತಾಡಿಸಲು ಬಂದಾಗ ಆಕೆ ಸೊಂಟದ ಮೇಲೆ ಕೈಯಿಟ್ಟು, "ಒಂದ ಇಲಿ ಬರಲಿ ನೋಡೂಣು! ಬಂದರ ನನ್ನ ಹೆಸರು ಕರಿಬ್ಯಾಡ" ಎಂದು ಬಾಯಿ ತುಂಬ ನಕ್ಕಳು. ಮಂಚದ ಮೇಲೆ ಕುಳಿತಿದ್ದ ಧರೆಪ್ಪನೂ ಮುಗುಳ್ನಕ್ಕ.

ಅಂದಿನಿಂದಲೇ ಆತ ಎಡಗಾಲಿನ ಕಾಲುಚೀಲವನ್ನು ತಾನೇ ಹಾಕಿಕೊಳ್ಳತೊಡಗಿದ. ಆಕೆ ನೀರು ತಂದು ಬರುವಷ್ಟರಲ್ಲಿ ಹಾಕಿಕೊಂಡು ಕುಳಿತಿರುತ್ತಿದ್ದ. "ನೋಡಿದೇನಿ, ಚೆಂದ ಐತಿ. ನೀ ಈ ಕಾಲ ನೋಡು" ಎನ್ನುತ್ತಿದ್ದ. ಮನುಷ್ಯ ಚೇತರಿಸಿಕೊಂಡು ತನ್ನ ಕೆಲಸ ತಾನು ಮಾಡಿಕೊಳ್ಳುತ್ತಿದ್ದಾನೆಂದು ಕಾಡವ್ವನಿಗೆ ಹಿಗ್ಗಾಯಿತು.

ಐದಾರು ದಿನ ಕಳೆದ ಮೇಲೆ ಡಬ್ಬಾದಲ್ಲಿ ನಾತ ಎದ್ದಿತು. ಇಲಿ ಸತ್ತ ಹಾಗಿನ ನಾತ. ಕಾಡವ್ವ ಮಂಚದ ಕೆಳಗೆ ಹುಡುಕಿದಳು, ಡಬ್ಬಿಗಳನ್ನು ಸರಿಸಿದಳು. ಆಗ ಮಂಚದ ತಲೆಗಡೆಯ ಪ್ಲೈವುಡ್ಡಿನ ಹಿಂದೆ ಕೆರೆಯುವ ಸದ್ದು ಕೇಳಿತು. ಹಲಗೆಗೆ ಕಿವಿ ಹಚ್ಚಿದಳು. ತಗಡಿಗೂ ಪ್ಲೈವುಡ್ಡಿಗೂ ನಡುವೆ ಒಂದು ಗೇಣಿನ ಪೊಳ್ಳು ಇತ್ತು, ಪ್ಲೈವುಡ್ಡಿನ ಮೂಲೆಯಲ್ಲಿ ಹೊಸದಾಗಿ ಕಚ್ಚಿ ಕೊರೆದ ತೂತು. ಹೊರಗಿನ ತೂತುಗಳನ್ನೆಲ್ಲ ಮುಚ್ಚಿದಾಗ ಆಕೆ ಇಲಿಗಳನ್ನು ಹೊರಗಿಟ್ಟಿರಲಿಲ್ಲ. ಒಳಗೆ ಹಾಕಿ ಬಾಗಿಲು ಬಿಗಿದಿದ್ದಳು. ಕಾಳು ಸಿಗದಂತೆ ಡಬ್ಬಿಗಳ ಮುಚ್ಚಳವನ್ನೂ ಬಿಗಿದಿದ್ದಳು.

ಸುತ್ತಿಗೆಯ ಹಿಂಬದಿಯಿಂದ ಪ್ಲೈವುಡ್ ಕಿತ್ತಳು. ದೊಡ್ಡ ಇಲಿಯೊಂದು ಆಕೆಯ ಕೈಮೇಲಿಂದಲೇ ಹಾರಿ ಓಡಿತು. ಪೊಳ್ಳಿನೊಳಗೆ ಹಳೆಯ ಸೀರೆಯ ಚೂರು, ಕಾಗದ, ಹತ್ತಿ ಸೇರಿಸಿ ಮಾಡಿದ ಗೂಡು. ಅದರಲ್ಲಿ ಕಣ್ಣು ತೆರೆಯದ ಆರು ಮರಿಗಳು ಜೀವಂತ ಮಿಸುಕುತ್ತಿದ್ದವು. ಸತ್ತ ಇಲಿ ಒಂದೂ ಇರಲಿಲ್ಲ. ಮರಿಗಳ ಕೆಳಗೆ ಮೆತ್ತಗೆ ಹಾಸಿದ್ದು ನೀಲಿ ಉಣ್ಣೆ.

ಕಾಡವ್ವ ತಿರುಗಿ ಗಂಡನನ್ನು ನೋಡಿದಳು. ಆತ ಎಡಗಾಲನ್ನು ಕೌದಿಯೊಳಗೆ ಎಳೆದುಕೊಂಡ.

"ಕಾಲು ಚಾಚರಿ."

"ಏನಿಲ್ಲ ಬಿಡ..."

"ಚಾಚರಿ ಅಂದೆ!"

ಕಾಲುಚೀಲವನ್ನು ತಿರುಗಿಸಿ ತೊಟ್ಟಿದ್ದ, ಹರಿದ ಭಾಗ ಮೇಲೆ ಬಂದು ಪೈಜಾಮದೊಳಗೆ ಅಡಗುವ ಹಾಗೆ. ಕಳಚಿದಾಗ ನಾತ ಎಲ್ಲಿಯದೆಂದು ತಿಳಿಯಿತು. ಹಿಮ್ಮಡಿ ಕಪ್ಪಾಗಿತ್ತು. ಕಪ್ಪು ಮೇಲಕ್ಕೆ ಏರಿತ್ತು.

ಮತ್ತೆ ಮಿರಜ. ಮೊದಲು ಮೊಣಕಾಲ ಕೆಳಗೆ ಕತ್ತರಿಸಿದರು. ನಾಲ್ಕು ದಿನಕ್ಕೆ ಮೊಣಕಾಲ ಮೇಲೆ. ಆದರೂ ಜ್ವರ ಇಳಿಯಲಿಲ್ಲ. ನಂಜು ರಕ್ತಕ್ಕೆ ಏರಿದೆ, ನಮ್ಮ ಕೈಲಾದದ್ದು ಮಾಡುತ್ತಿದ್ದೇವೆ ಎಂದಳು ಡಾಕ್ಟರ್ ಬಾಯಿ. ಸಪನಾ ಔಷಧಿ ತರಲು ಕೆಳಗೆ ಹೋಗಿದ್ದಾಗ ಧರೆಪ್ಪ ಕಣ್ಣು ತೆರೆದ.

"ಕಾಡೀ, ಕಾಲುಚೀಲ ಹರದದ್ದು ನಾ ಮೊದಲ ನೋಡಿದ್ದೆ. ಧೋಂಡಿಬಾ ಬಂದಿದ್ದನಲ್ಲ, ಅವತ್ತ ಮುಂಜಾನಿ."

"ಮತ್ತ ಯಾಕ ಹೇಳಲಿಲ್ಲರಿ? ಬಾಯಿ ಇರಲಿಲ್ಲೇನ ನಿಮಗ?"

"ಹೇಳಬೇಕಂತ ಕುಂತಿದ್ದೆ. ಅಷ್ಟರಾಗ ನೀ ಅವನ ಮುಂದ ನಕ್ಕಿ. ಎಷ್ಟ ವರ್ಷ ಆಗಿತ್ತು ನೀ ಹಂಗ ನಕ್ಕು... ನಾಳೆ ಹೇಳಿದರಾತು ಅನಕೊಂಡೆ. ನಾಳೆ ಮತ್ತ ನಾಳೆ ಆತು."

ಕಾಡವ್ವನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಸುಟ್ಟಬರಲಿ ಆ ನಗಿ" ಎಂದಳು. ಆಮೇಲೆ ಬಗ್ಗಿ, ಕಾಲಿದ್ದ ಜಾಗದ ಚಾದರವನ್ನು ಸರಿಮಾಡಿದಳು. ಮೂರನೆಯ ದಿನ ಧರೆಪ್ಪ ತೀರಿಕೊಂಡ.

ದಿನಕರ್ಮ ಮುಗಿದ ಮೇಲೆ ಧೋಂಡಿಬಾ ಬಂದು, ರಸ್ತೆ ಕೆಲಸ ಮತ್ತೆ ಸುರುವಾಗುತ್ತದೆ, ಬೇಕಾದರೆ ಡಬ್ಬಾದಲ್ಲಿ ಇದ್ದುಕೊಳ್ಳಿ ಎಂದ. ಕಾಡವ್ವ ಬೇಡವೆಂದಳು. ತನ್ನ ಭಾಂಡೆ-ಪಾತ್ರೆ, ಎರಡು ಸೀರೆ ಕಟ್ಟಿಕೊಂಡು ಬುಧಗಾಂವಕ್ಕೆ ಹೋದಳು. ಒಬ್ಬಳೇ ಆದ ಮೇಲೆ ಆ ಎರಡು ಖೋಲಿಯಲ್ಲಿ ಜಾಗ ಆಯಿತು.

ಈಗ ಆಕೆ ದಿನಾ ಬಸ್ಸು ಹತ್ತಿ ಸಾಂಗಲಿಗೆ ಹೋಗಿ ಅರಿಶಿನದ ವಖಾರಿಯಲ್ಲಿ ಕೊಂಬು ಆರಿಸುತ್ತಾಳೆ. ಜೊತೆಯ ಹೆಂಗಸರು ಯಜಮಾನರಿಗೆ ಏನಾಗಿತ್ತು ಎಂದು ಕೇಳಿದರೆ ಶುಗರ್ ಎನ್ನುತ್ತಾಳೆ. ಯಾರೂ ಮುಂದೆ ಕೇಳುವುದಿಲ್ಲ.

ಸಪನಾ ಮಾತ್ರ ಒಮ್ಮೆ, ರೊಟ್ಟಿ ಬಡಿಯುತ್ತ ಇದ್ದಕ್ಕಿದ್ದ ಹಾಗೆ ಕೇಳಿದಳು: "ಆಯಿ, ಅಷ್ಟ ದಿವಸ ಅಪ್ಪಾಗ ಕಾಯ್ ಕಳಲಂಚ ನಾಹೀ? ಸ್ವಲ್ಪನೂ ತಿಳಿಲಿಲ್ಲ?"

"ಇಲ್ಲವಾ" ಎಂದಳು ಕಾಡವ್ವ. "ಅವರಿಗೆ ತಿಳಿಲೇ ಇಲ್ಲ."

ಸಪನಾ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಕಾಡವ್ವ ಒಲೆಯ ಮೇಲಿನ ರೊಟ್ಟಿಯನ್ನು ಹೊರಳಿಸಿದಳು.