ಹೆಲ್ಮೆಟ್ಟಿನ ಎಡಗೆನ್ನೆ

ಅಲಬಾಮಾದ ಆ ಸಣ್ಣ ಕಾಲೇಜಿನಲ್ಲಿ, ಮೈದಾನದ ಗ್ಯಾಲರಿಯ ಕೆಳಗಿದ್ದ ಸಾಮಾನು ಕೋಣೆಯೇ ಲೂಶಿಯಸ್ ಪೆಟ್‌ವೇಯ ರಾಜ್ಯ. ಮೂವತ್ತೊಂದು ವರ್ಷದಿಂದ ಅಮೆರಿಕನ್ ಫುಟ್‌ಬಾಲ್ ತಂಡದ ಬೆವರು ನಾರುವ ಅಂಗಿ ಒಗೆದವನು, ಶೂಗಳಿಗೆ ಮೊಳೆ ಬಿಗಿದವನು ಅವನೇ. ಏಳು ಕೋಚ್‌ಗಳು ಬಂದರು, ಹೋದರು. ಒಬ್ಬನಿಗಾದರೂ ಅವನ ಹೆಂಡತಿಯ ಹೆಸರು ಗೊತ್ತಿತ್ತೇ? ಬಿಡಿ, ಕೇಳುವ ಸೌಜನ್ಯ ಯಾರಿಗಿದೆ! ಹುಡುಗರಿಗೆ ಮಾತ್ರ ಗೊತ್ತಿತ್ತು. ಅವಳ ಹೆಸರು ವರ್ನೀಸ್; ಅವಳು ಉಪ್ಪು ಹಾಕಿ ಬೇಯಿಸಿ ಕಳಿಸುವ ಶೇಂಗಾಕ್ಕೆ ಅವರು ಮುಗಿಬೀಳುತ್ತಿದ್ದರು.

ಭಾನುವಾರ ಹೆಲ್ಮೆಟ್ ಒರೆಸುವ ದಿನ. ಡಿಕ್ಕಿ ಹೊಡೆದಾಗ ಎದುರಾಳಿಯ ಹೆಲ್ಮೆಟ್ಟಿನ ಬಣ್ಣ ಇವರದ್ದಕ್ಕೆ ಮೆತ್ತಿಕೊಳ್ಳುತ್ತದೆ. ಆ ಕಲೆ ನೋಡಿಯೇ ಯಾರು ಹೇಗೆ ಆಡಿದರೆಂದು ಲೂಶಿಯಸ್ ಹೇಳಿಬಿಡುತ್ತಿದ್ದ. ಕೆಂಡ್ರೆಲ್ ಬಾಯ್ಕಿನ್ ಎಂಬ ಹುಡುಗನ ಹೆಲ್ಮೆಟ್ ಒರೆಸುವುದೇ ಬೇಕಿರಲಿಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಗುಂಪಿನೊಳಗೆ ನುಗ್ಗುವವನು ಅವನು. ಆದರೂ ಒಬ್ಬರ ಕೈಗೂ ಸಿಗುತ್ತಿರಲಿಲ್ಲ.

ಈಗ ಮೂರು ವಾರದಿಂದ ಅದೇ ಹೆಲ್ಮೆಟ್ ನೋಡಿದರೆ ಲೂಶಿಯಸ್‌ಗೆ ದಿಗಿಲಾಗುತ್ತಿತ್ತು. ಬಲಗೆನ್ನೆ ಮೊದಲಿನಂತೆ ಹೊಳೆಯುತ್ತಿತ್ತು. ಎಡಗೆನ್ನೆಯ ತುಂಬ, ಒರೆಸಲು ಕೈಬಾರದೆ ಅವನು ಹಾಗೇ ಬಿಟ್ಟಿದ್ದ ಹಸಿರು, ಕೆಂಪು, ಕಿತ್ತಳೆ. ಎಡಗಡೆಯಿಂದ ಬಂದ ಪೆಟ್ಟೆಲ್ಲ ಬಿದ್ದಿತ್ತು. ಬರುವುದು ಕಂಡಿದ್ದರೆ ಈ ಹುಡುಗ ತಪ್ಪಿಸಿಕೊಳ್ಳದೆ ಇರುತ್ತಿದ್ದನೇ?

ಸೋಮವಾರ ಬೆಳಗ್ಗೆ ಕೆಂಡ್ರೆಲ್ ಓಡಿಬಂದ. "ಮಾಮ, ದೊಡ್ಡ ತಂಡದೋರು ಹತ್ತು ಗಂಟೆಗೆ ನನ್ನ ಆಟ ಅಳ್ದು ಆರಿಸ್ಕೊಳ್ಳೋಕೆ ಬರ್ತಿದಾರೆ. ನಿಮ್ಮನ್ನೂ ವಿಚಾರಿಸ್ತಾರಂತೆ. ಹೆಲ್ಮೆಟ್ ಒರೆಸಿಟ್ಬಿಡಿ."

"ನನ್ನನ್ನ ಯಾಕೋ ಕೇಳ್ತಾರೆ?"

"ಕೋಚ್ ಹೊಗಳೇ ಹೊಗಳ್ತಾರೆ ಅಂತ ಅವ್ರಿಗೆ ಗೊತ್ತಲ್ಲ. ಚಡ್ಡಿ ಒಗೆಯೋನೇ ನಿಜ ಹೇಳೋದಂತೆ!"

ಲೂಶಿಯಸ್ ನಗಲಿಲ್ಲ. ಸದ್ದಿಲ್ಲದೆ ಹುಡುಗನ ಎಡಕ್ಕೆ ಸರಿದು, ಸುತ್ತಿಟ್ಟ ಕಾಲುಚೀಲವೊಂದನ್ನು ಎಸೆದ. ಅದು ಸೀದಾ ಕಿವಿಗೆ ಬಡಿಯಿತು. ಹುಡುಗ ಬೆಚ್ಚಿಬಿದ್ದ.

"ಯಾವಾಗಿಂದ್ಲೋ?"

"ಮೂರು ವಾರ ಆಯ್ತು. ಎಡಗಣ್ಣಿಗೆ ಕಪ್ಪು ಪರದೆ ಅಡ್ಡ ಬಂದಂಗಿದೆ." ಹುಡುಗ ಬಾಗಿಲಿನತ್ತ ಒಮ್ಮೆ ನೋಡಿ ಹತ್ತಿರ ಬಂದ. "ಕಣ್ಣಿನ ಪರೀಕ್ಷೆಯ ಅಕ್ಷರ ಬಾಯಿಪಾಠ ಮಾಡ್ಕೊಂಡಿದೀನಿ. ನಾಲ್ಕನೇ ವಯಸ್ಸಿಂದ ನಂಗೆ ಬರೋದು ಇದೊಂದೇ. ಬಾಯಿ ಬಿಟ್ರೆ ನನ್ನ ಕಥೆ ಮುಗೀತು. ದಮ್ಮಯ್ಯ ಮಾಮ, ಹೇಳ್ಬೇಡಿ."

ಹೇಳಿದರೆ ಹುಡುಗನ ಬದುಕು ಹೋಗುತ್ತದೆ. ಹೇಳದಿದ್ದರೆ ಮುಂದಿನ ಪೆಟ್ಟಿಗೆ ಕಣ್ಣೇ ಹೋದೀತು. ಲೂಶಿಯಸ್ ಬಟ್ಟೆ ಹಿಡಿದು ಹೆಲ್ಮೆಟ್ ಒರೆಸತೊಡಗಿದ. ಹಸಿರು ಹೋಯಿತು. ಕೆಂಪು ಅರ್ಧ ಹೋಗುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಬಂದವನು ಹೋಲಿಸ್ ಗ್ರಬ್. ಆಟಗಾರರನ್ನು ಅಳೆದು ತಂಡಕ್ಕೆ ವರದಿ ಬರೆಯುವುದೇ ಅವನ ಉದ್ಯೋಗ. ಬಾಯಲ್ಲಿ ಕಡ್ಡಿ, ಕೈಯಲ್ಲಿ ಪುಸ್ತಕ.

"ಕಾಲು ಸೊಗಸಾಗಿದೆ. ಆದ್ರೆ ಹುಡುಗ ಈಚೆಗೆ ಬರೀ ಬಲಕ್ಕೇ ತಿರುಗ್ತಾನಲ್ಲ, ಯಾಕಯ್ಯಾ?"

ಲೂಶಿಯಸ್ ಹೆಲ್ಮೆಟ್ಟನ್ನು ಹಿಂದಕ್ಕೆ ಸರಿಸಿದ. "ಅದು... ಕೋಚ್ ಹೇಳ್ಕೊಟ್ಟಿರಬೇಕು ಸಾರ್."

ಹೇಳಿಯೂ ಬಿಟ್ಟ! ಮೂವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವನಾಡಿದ ಮೊದಲ ಸುಳ್ಳು.

"ನಡತೆ?"

"ಅಜ್ಜಿ ಸಾಕಿದ ಹುಡುಗ. ಸಾರ್ ಅನ್ನದೆ ಮಾತೇ ಆಡಲ್ಲ."

ಗ್ರಬ್ ತಲೆಯಾಡಿಸಿದ. ಹೊರಡುತ್ತ, ಕಣ್ಣು ಲೂಶಿಯಸ್‌ನ ಕಡೆಗೇ ಇಟ್ಟು, ಪಕ್ಕದಲ್ಲಿದ್ದ ಕೆಂಡ್ರೆಲ್‌ನತ್ತ ಕುಲುಕಲು ಕೈ ಚಾಚಿದ. ಚಾಚಿದ್ದು ಹುಡುಗನ ಎಡಗಡೆಯಿಂದ. ಕೈ ಹಾಗೇ ಗಾಳಿಯಲ್ಲಿ ನಿಂತಿತು. ಹುಡುಗ ಲೂಶಿಯಸ್‌ನನ್ನೇ ನೋಡುತ್ತ, ಗೆದ್ದವನ ಹಾಗೆ ನಗುತ್ತಿದ್ದ.

ಗ್ರಬ್ ಕೈ ಹಿಂದಕ್ಕೆಳೆದುಕೊಂಡ. "ಓಹೋ! ಇನ್ನೂ ಆಯ್ಕೇನೇ ಆಗಿಲ್ಲ, ಆಗ್ಲೇ ಇಷ್ಟು ಕೊಬ್ಬಾ?" ಪುಸ್ತಕ ತೆರೆದು ಬರೆಯತೊಡಗಿದ.

"ಏನಾಯ್ತು ಸಾರ್?" ಎಂದ ಹುಡುಗ ಪೆಚ್ಚಾಗಿ.

ಉಳಿದದ್ದೆಲ್ಲ ಲೂಶಿಯಸ್ ನುಂಗಿಕೊಳ್ಳುತ್ತಿದ್ದನೇನೋ. ಈ ಹುಡುಗನನ್ನು ಕೊಬ್ಬಿದವನು ಎನ್ನುವುದೇ?

"ಕೊಬ್ಬಲ್ಲ ಸ್ವಾಮಿ! ನೀವು ಚಾಚಿದ ಕೈ ಅವನಿಗೆ ಕಾಣ್ಲೇ ಇಲ್ಲ!"

ಪೆನ್ಸಿಲ್ ನಿಂತಿತು. ಲೂಶಿಯಸ್‌ಗೆ ತನ್ನ ಮಾತು ತನಗೇ ಕೇಳಿ ಜೀವ ಹೋದಂತಾಯಿತು. ಆದರೂ ಹೆಲ್ಮೆಟ್ ತೆಗೆದು, ಒರೆಸದೆ ಉಳಿದ ಭಾಗವನ್ನು ತೋರಿಸಿದ. ಗ್ರಬ್ ಕಲೆಗಳನ್ನು ನೋಡಿದ. ಎರಡು ಬೆರಳು ಎತ್ತಿ ಹುಡುಗನ ಎಡಕಿವಿಯಿಂದ ಮುಂದಕ್ಕೆ ತಂದ. ಮೂಗಿನ ಹತ್ತಿರ ಬರುವವರೆಗೂ ಕೆಂಡ್ರೆಲ್ ರೆಪ್ಪೆ ಬಡಿಯಲಿಲ್ಲ.

ಗ್ರಬ್ ಬರೆದ ಹಾಳೆಯನ್ನು ಹರಿದು ಜೇಬಿಗೆ ತುರುಕಿದ. "ಇವತ್ತೇ ಡಾಕ್ಟ್ರಿಗೆ ತೋರ್ಸಿ. ಇನ್ನೊಂದು ಪೆಟ್ಟು ಬಿದ್ರೆ ಕಣ್ಣು ಇರಲ್ಲ." ಮತ್ತೆ ಬರುತ್ತೇನೆಂದು ಹೇಳದೆ ಹೊರಟುಹೋದ.

ಹುಡುಗ ಬೈಯಲಿ, ಬೇಕಾದರೆ ಹೊಡೆಯಲಿ ಎಂದು ಲೂಶಿಯಸ್ ತಲೆ ತಗ್ಗಿಸಿ ನಿಂತ. ಕೆಂಡ್ರೆಲ್ ಹತ್ತಿರ ಬಂದು ಅವನ ತೋಳು ಹಿಡಿದುಕೊಂಡ.

"ಮಾಮ, ದಿನಾ ಬೆಳಗ್ಗೆ ಕಣ್ಣು ಬಿಡೋಕೇ ಹೆದ್ರಿಕೆ. ಆ ಕತ್ಲೆ ಇನ್ನಷ್ಟು ಮುಂದಕ್ಕೆ ಬಂದಿರತ್ತೇನೋ ಅಂತ. ಯಾರ ಹತ್ರಾನೂ ಹೇಳ್ಕೊಳ್ಳೋ ಹಂಗಿರ್ಲಿಲ್ಲ."

ಲೂಶಿಯಸ್ ಗಾಡಿಯ ಕೀಲಿ ತೆಗೆದುಕೊಂಡ. ಸುತ್ತಿ ಬಂದು ಹುಡುಗನ ಎಡಗಡೆಗೆ ನಿಂತು, ಅವನ ಮೊಣಕೈ ಹಿಡಿದು ಬಾಗಿಲಿನತ್ತ ನಡೆಸಿಕೊಂಡು ಹೋದ.