ಪ್ರಶ್ನೆ ಇಲ್ಲದೆ ಕೇಳಿದ ಪ್ರಸಾದ

ಈ ವರ್ಷದ ಆರಂಭದಲ್ಲಿ ನಮ್ಮ ಮನೆಯ ಅನ್ನ ಇದ್ದಕ್ಕಿದ್ದಂತೆ ಬಹಳ ಬಿಳಿಯಾಯಿತು. ದಿನಸಿ ಅಂಗಡಿ ಬದಲಾಗಿರಲಿಲ್ಲ, ಅಕ್ಕಿಯೂ ಬದಲಾಗಿರಲಿಲ್ಲ. ಕಾರಣ ಗೊತ್ತಾಗುವುದಕ್ಕೆ ನಾನು ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಲ್ಲಬೇಕಾಯಿತು. ನನ್ನ ಹೆಂಡತಿ ಸವಿತಾ ಅಕ್ಕಿ ತೊಳೆಯುತ್ತ ನಿಂತವಳು ನಿಲ್ಲಿಸುವುದನ್ನು ಮರೆಯುತ್ತಿದ್ದಳು. ಎರಡು ನೀರಿಗೆ ಮುಗಿಯಬೇಕಾದ ಕೆಲಸ ಐದಾರು ನೀರಿನವರೆಗೆ ಹೋಗುತ್ತಿತ್ತು. ಪಾತ್ರೆಯ ನೀರು ತಿಳಿಯಾಗಿ ಅಕ್ಕಿಯ ಒಂದೊಂದು ಕಾಳೂ ಬೇರೆಬೇರೆಯಾಗಿ ಕಾಣತೊಡಗಿದರೂ ಅವಳ ಬೆರಳುಗಳು ಅದರೊಳಗೆ ಸುತ್ತುತ್ತಲೇ ಇದ್ದವು. ಕಣ್ಣು ಮಾತ್ರ ಕಟ್ಟೆಯ ಮೇಲೆ ಬೋರಲು ಮಲಗಿಸಿದ್ದ ಮೊಬೈಲಿನ ಮೇಲೆ. ಕಾಯುವವರ ಮನೆಯನ್ನು ಗುರುತಿಸುವುದು ಹೇಗೆಂದು ಯಾರಾದರೂ ಕೇಳಿದರೆ ನಾನು ಈಗ ಹೇಳಬಲ್ಲೆ: ಅಲ್ಲಿ ಎಲ್ಲವೂ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಸ್ವಚ್ಛವಾಗಿರುತ್ತದೆ.

ಅವಳು ಕಾಯುತ್ತಿದ್ದದ್ದು ಒಂದು ಇ-ಮೇಲಿಗೆ. ಸವಿತಾ ಗೋಣಿಬೀಡಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ನಾನು ಬಣಕಲ್ಲಿನ ರಸ್ತೆಬದಿಯ ಅಂಗಡಿಯಲ್ಲಿ ತೋಟದ ಯಂತ್ರಗಳ ಬಿಡಿಭಾಗ ಮಾರುತ್ತೇನೆ: ಸ್ಪ್ರೇಯರಿನ ನಳಿಗೆ, ಕಳೆ ಕೊಚ್ಚುವ ಮೆಷಿನ್ನಿನ ಬ್ಲೇಡು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಬೆಲ್ಟು. ಮದುವೆಗೆ ಮೊದಲೇ ಎಂ.ಎಸ್ಸಿ. ಮುಗಿಸಿದ್ದ ಅವಳು, ನಲವತ್ತು ಹತ್ತಿರವಾದ ಈ ವಯಸ್ಸಿನಲ್ಲಿ, ದೂರದ ಚಳಿದೇಶಗಳ ನಾಲ್ಕು ವಿಶ್ವವಿದ್ಯಾಲಯಗಳಿಗೆ ನಾಲ್ಕು ವರ್ಷದ ಪಿಎಚ್.ಡಿ.ಗೆಂದು ಅರ್ಜಿ ಹಾಕಿದ್ದಳು. ವಿಷಯ ಕಲ್ಲುಹೂವು. ಬಂಡೆಯ ಮೇಲೆ, ಮರದ ತೊಗಟೆಯ ಮೇಲೆ ಬೂದಿ ಹಸಿರಾಗಿ ಹಬ್ಬಿಕೊಳ್ಳುವ, ನಾವು ಮಸಾಲೆಗೆ ಒಂದು ಚಿಟಿಕೆ ಹಾಕಿ ಮರೆತುಬಿಡುವ ಆ ಕಲ್ಲುಹೂವು.

ನನ್ನ ಅಂಗಡಿಯ ಖಾಯಂ ಗಿರಾಕಿ ಮತ್ತು ಖಾಯಂ ಟೀಕಾಕಾರರಾದ ರಾಮೇಗೌಡರಿಗೆ ಈ ಸುದ್ದಿ ತಿಳಿದ ದಿನ ಅವರು ಬಹಳ ಹೊತ್ತು ತಲೆಯಾಡಿಸಿದರು. “ಅಲ್ಲ ಮಾರಾಯ, ಪಲಾವಿಗೆ ಹಾಕೋದನ್ನ ಓದಕ್ಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ತೋಟದ ಸಿಲ್ವರ್ ಮರದ ಮೇಲೆ ಬೇಕಾದಷ್ಟಿದೆ. ಟೀಚರ್‌ಗೆ ಹೇಳು, ಗೋಣಿಚೀಲ ತಂದು ಕೆರ್ಕೊಂಡು ಹೋಗ್ಲಿ.”

ಗೌಡರಿಗೆ ನಾನು ಕೊಡಬಹುದಾಗಿದ್ದ ಉತ್ತರವೆಲ್ಲ ಬಾಬಾಬುಡನ್‌ಗಿರಿಯ ಬಂಡೆಗಳ ಮೇಲಿತ್ತು. ಹಲವು ವರ್ಷಗಳಿಂದ ರಜೆಯ ದಿನಗಳಲ್ಲಿ ನಾವಿಬ್ಬರೂ ಸ್ಕೂಟರಿನಲ್ಲಿ ಅಲ್ಲಿಗೆ ಹೋಗುತ್ತೇವೆ. ಅವಳು ಕೈಮಸೂರ ಹಿಡಿದು ಒಂದು ಕಲ್ಲಿನ ಮುಂದೆ ಕುಳಿತರೆ ಪ್ರವಾಸಿಗಳ ಜೀಪುಗಳು ಬಂದು, ಗದ್ದಲ ಮಾಡಿ, ಫೋಟೋ ತೆಗೆದುಕೊಂಡು ಹೋದರೂ ಅವಳಿಗೆ ತಿಳಿಯುವುದಿಲ್ಲ. ನಾನು ಫ್ಲಾಸ್ಕು ಮತ್ತು ಛತ್ರಿಯ ಉಸ್ತುವಾರಿ. ಒಂದು ಬಂಡೆಯ ಮೇಲೆ ನಾಣ್ಯದಗಲದ ಒಂದು ಕಲ್ಲುಹೂವಿದೆ. ವರ್ಷಕ್ಕೊಮ್ಮೆ ಅದನ್ನು ಅಳೆಯುತ್ತಾಳೆ. ಅಳೆದು ಮೇಲೆದ್ದು, ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತ, “ಬೆಳೆದಿದೆ ರೀ” ಎನ್ನುತ್ತಾಳೆ. ನನ್ನ ಕಣ್ಣಿಗೆ ಅದು ಹೋದ ವರ್ಷ ಇದ್ದಷ್ಟೇ ಇರುತ್ತದೆ. ಆದರೆ ಆ ಮಾತು ಹೇಳುವಾಗಿನ ಅವಳ ಮುಖವನ್ನು ನೋಡುವುದಕ್ಕಾಗಿ ನಾನು ಇನ್ನೂ ಕಡಿದಾದ ಗುಡ್ಡಗಳಿಗೆ ಫ್ಲಾಸ್ಕು ಹೊತ್ತೇನು. ಒಂದು ದಿನ ಇಳಿಯುತ್ತಿರುವಾಗ ನಾನೇ ಅಂದಿದ್ದೆ, ಇಷ್ಟು ಇಷ್ಟ ಇರುವವಳು ಇದನ್ನೇ ಯಾಕೆ ಓದಬಾರದು ಅಂತ. ಹೀಗೆ ಸ್ಕೂಟರಿನ ಮೇಲೆ, ಗಾಳಿಯಲ್ಲಿ, ಹಿಂದೆ ತಿರುಗದೆ ಆಡಿದ ಮಾತುಗಳಿಗೆ ಮನುಷ್ಯ ಜವಾಬ್ದಾರನೇ ಎಂಬುದನ್ನು ನಾನು ಈಚೆಗೆ ಬಹಳ ಯೋಚಿಸಿದ್ದೇನೆ.

ನಾಲ್ಕನೆಯ ವಿಶ್ವವಿದ್ಯಾಲಯದವರು ವೀಡಿಯೋದಲ್ಲಿ ಸಂದರ್ಶನ ಮಾಡಿದರು. ಆ ದಿನ ಊರಿನಲ್ಲಿ ಕರೆಂಟ್ ಇರಲಿಲ್ಲವಾದ್ದರಿಂದ, ಇನ್ವರ್ಟರ್ ಇರುವ ನನ್ನ ಅಂಗಡಿಯೇ ಸಂದರ್ಶನದ ಸಭಾಂಗಣವಾಯಿತು. ನಾನು ಅರ್ಧ ಶಟರ್ ಎಳೆದು ಹೊರಗೆ ಕಾವಲು ನಿಂತೆ. ಮೂವರು ಪ್ರಾಧ್ಯಾಪಕರು ಕಲ್ಲುಹೂವಿನ ಬಗ್ಗೆ ಕೇಳುವುದನ್ನೆಲ್ಲ ಕೇಳಿ, ಕೊನೆಗೆ ಅವಳ ಹಿಂದೆ ಗೋಡೆಯ ತುಂಬ ತೂಗುತ್ತಿದ್ದ ಕಪ್ಪು ಬೆಲ್ಟುಗಳು ಏನೆಂದು ವಿಚಾರಿಸಿದರಂತೆ. ಅವಳು ಪಲ್ಪರಿನ ವಿಷಯ ವಿವರಿಸಿದಳಂತೆ. ಅದಾದ ಮೇಲೆ ಹಲವು ದಿನ ನಾನು ಆ ಬೆಲ್ಟುಗಳನ್ನು ಹೊಸ ಗೌರವದಿಂದಲೂ ಸ್ವಲ್ಪ ಅನುಮಾನದಿಂದಲೂ ನೋಡಿದೆ. ಸೀಟು ಸಿಕ್ಕರೂ ಸಿಗದಿದ್ದರೂ ಇವುಗಳ ಪಾತ್ರ ಇದ್ದೇ ಇರುತ್ತದಲ್ಲ!

ಆಮೇಲೆ ಶುರುವಾಯಿತು ನೋಡಿ ಕಾಯುವುದು. ಅವಳು ಅಕ್ಕಿ ತೊಳೆದಳು. ನಾನು ನನ್ನ ಮೊಬೈಲಿನಲ್ಲಿ ಆ ಊರಿನ ಗಡಿಯಾರವನ್ನೂ ಹವಾಮಾನವನ್ನೂ ಹಾಕಿಕೊಂಡೆ. ನಮ್ಮಲ್ಲಿ ಮಧ್ಯಾಹ್ನದ ಊಟ ಮುಗಿಯುವಾಗ ಅಲ್ಲಿ ಕಛೇರಿ ತೆರೆಯುತ್ತದೆ. ನಮ್ಮಲ್ಲಿ ಊದುಬತ್ತಿ ಹಚ್ಚುವ ಹೊತ್ತಿಗೆ ಅಲ್ಲಿ ಅವರ ಊಟ. ಮೇಲ್ ಬರದ ಪ್ರತಿದಿನವೂ ನಾನು ಆ ಕಛೇರಿಯ ಪರವಾಗಿ ಒಂದೊಂದು ಸಬೂಬು ಹೇಳುತ್ತಿದ್ದೆ. ಇವತ್ತು ಅಲ್ಲಿ ಹಿಮ ಬಿದ್ದಿದೆ, ಗುಮಾಸ್ತರು ಬಂದಿರಲಾರರು. ಇವತ್ತು ಮೈನಸ್ ಹದಿನೆಂಟು, ಬೆರಳು ಮರಗಟ್ಟಿರುತ್ತದೆ, ಟೈಪ್ ಮಾಡುವುದಾದರೂ ಹೇಗೆ? “ನಿಮ್ಗೆ ಅವ್ರು ಸಂಬಳ ಕೊಡ್ತಾರಾ?” ಎಂದು ಸವಿತಾ ಒಂದು ದಿನ ಕೇಳಿದಳು.

ಉಳಿದ ಮೂರು ಕಡೆಯಿಂದ ಒಂದೊಂದಾಗಿ ವಿಷಾದ ಪತ್ರಗಳು ಬಂದವು. ಎಂಥ ಸೌಜನ್ಯ ಅವುಗಳಲ್ಲಿ! ನಮ್ಮ ಕಡೆ ಹೆಣ್ಣು ಒಪ್ಪಿಗೆಯಾಗದವರು ಕೂಡ ಅಷ್ಟು ನಯವಾಗಿ ಹೇಳಿ ಕಳಿಸುವುದಿಲ್ಲ. ಮೂರನೆಯದು ಬಂದ ಸಂಜೆ ಅವಳು ಅದನ್ನು ಓದಿ, ಮೊಬೈಲನ್ನು ಮತ್ತೆ ಬೋರಲು ಹಾಕಿ, “ಇನ್ನೊಂದಿದೆ” ಎಂದಳು. ನಾನು “ಹೌದು, ಇನ್ನೊಂದಿದೆ” ಎಂದೆ. ಇಬ್ಬರೂ ಒಂದೇ ಮಾತು ಹೇಳಿದೆವು. ಆದರೆ ಹೇಳುವಾಗ ನನ್ನ ಎದೆಯಲ್ಲಿ ಏನೋ ಸಡಿಲವಾಗಿ ಕೆಳಗಿಳಿದದ್ದನ್ನು ನಾನು ಗಮನಿಸಿದೆ, ಅದು ದುಃಖವಾಗಿರಲಿಲ್ಲ. ಅಂದಿನಿಂದ ನನಗೆ ನನ್ನ ಜೊತೆಗೇ ಸಲೀಸಾಗಿ ಇರುವುದು ಸಾಧ್ಯವಾಗಲಿಲ್ಲ. ಎದುರಿಗೇ ಕುಳಿತು ಊಟ ಮಾಡುತ್ತಿರುವವಳ ನೆನಪಾಗತೊಡಗಿತು. ಸ್ನಾನದ ಮನೆಯ ಗೂಟಕ್ಕೆ ನೇತುಹಾಕಿದ ಅವಳ ಟವೆಲ್, ಬಸ್ಸಿಳಿದು ಬರುವಾಗ ದೂರದಿಂದಲೇ ಕೇಳುವ ಚಪ್ಪಲಿಯ ಸಪ್ಪಳ, ಇವೆಲ್ಲ ಇರುವಾಗಲೇ ಇಲ್ಲದವುಗಳಂತೆ ನನ್ನನ್ನು ಎಳೆಯುತ್ತಿದ್ದವು. ಹೋದವರನ್ನು ನೆನೆದು ಹಂಬಲಿಸುವುದಕ್ಕೆ ಲೋಕದಲ್ಲಿ ಮರ್ಯಾದೆ ಉಂಟು. ಹೋಗದವರಿಗಾಗಿ ಹಂಬಲಿಸುವವನು ಯಾರ ಹತ್ತಿರ ಹೇಳಿಕೊಳ್ಳಬೇಕು?

ಕಾಯುವುದು ನಮಗೆ ಹೊಸತಾಗಿರಲಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಮದುವೆಯಾದ ಮೇಲೆ ಬಹಳ ವರ್ಷ ನಾವು ಒಂದು ಮಗುವಿಗಾಗಿ ಕಾದಿದ್ದೆವು. ಆಗ ಊರಿಗೆ ಊರೇ “ಏನಾದ್ರೂ ವಿಶೇಷಾನಾ?” ಎಂದು ಕೇಳುತ್ತಿತ್ತು. ಈಗ ಅದೇ ಜನ “ಬಂತಾ ಟೀಚರ್, ಮೇಲು?” ಎಂದು ಕೇಳುತ್ತಿದ್ದರು. ಸವಿತಾ ಎರಡಕ್ಕೂ ಅದೇ ನಗೆ ನಕ್ಕಳು. ಆ ದಿನಗಳಲ್ಲಿ ನಾವಿಬ್ಬರೂ ಕಳಸದ ದಾರಿಯಲ್ಲಿರುವ ಒಂದು ವೀರಭದ್ರನ ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳಿದ್ದೆವು. ಅಲ್ಲಿ ಪೂಜೆ ಮಾಡುವ ಅಯ್ಯನವರು ದೇವರ ಎರಡು ಭುಜಕ್ಕೂ ನೀರಿನಲ್ಲಿ ಅದ್ದಿದ ಹೂವು ಅಂಟಿಸುತ್ತಾರೆ; ಕೇಳುವವರು ಮನಸ್ಸಿನಲ್ಲೇ ತಮ್ಮ ಪ್ರಶ್ನೆ ಹೇಳಿಕೊಂಡು ನಿಲ್ಲಬೇಕು. ಬಲಗಡೆಯ ಹೂವು ಮೊದಲು ಬಿದ್ದರೆ ಆಗುತ್ತದೆ, ಎಡಗಡೆಯದಾದರೆ ಇಲ್ಲ. ಅವತ್ತು ಬಲಗಡೆಯದೇ ಬಿದ್ದಿತ್ತು. ಮಗು ಆಗಲಿಲ್ಲ. ಸವಿತಾ ದೇವರನ್ನು ಬೈಯಲಿಲ್ಲ. ಇನ್ನು ಮುಂದೆ ಏನನ್ನೂ ಕೇಳುವುದು ಬೇಡ ಎಂದಷ್ಟೇ ಹೇಳಿದಳು.

ಹಾಗಿದ್ದೂ ಈ ಮಾರ್ಚಿನಲ್ಲಿ, ಅವಳಿಗೆ ಹೇಳದೆ, ನಾನು ಅಲ್ಲಿಗೆ ಹೋದೆ. ಬಿಸಿಲಿಗೆ ಗುಡ್ಡದ ಹುಲ್ಲೆಲ್ಲ ಒಣಗಿ ಕಂದುಬಣ್ಣವಾಗಿತ್ತು. ಗುಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಮನಸ್ಸಲ್ಲೇ ಹೇಳ್ಕೊಳ್ಳಿ,” ಎಂದರು ಅಯ್ಯನವರು, ಹೂವು ಅಂಟಿಸುತ್ತ. “ಅರ್ಧಂಬರ್ಧ ಬೇಡ, ಪೂರ್ತಿ ಹೇಳ್ಕೊಳ್ಳಿ. ಆಮೇಲೆ ಬಂದು, ನಾ ಕೇಳಿದ್ದು ಬೇರೆ, ಸ್ವಾಮಿ ಕೊಟ್ಟಿದ್ದು ಬೇರೆ ಅಂತ ನನ್ ಹತ್ರ ಜಗಳ ಆಡೋರಿದ್ದಾರೆ.”

ನಾನು ಕೈಮುಗಿದು ಕಣ್ಣು ಮುಚ್ಚಿದೆ. ಸವಿತಾಗೆ ಸೀಟು ಸಿಗಲಿ, ಎಂದು ಆರಂಭಿಸಿದೆ. ವಾಕ್ಯ ಮುಗಿಯುವ ಮೊದಲೇ ನಾಲ್ಕು ವರ್ಷದ ಖಾಲಿ ಅಡುಗೆಮನೆ ಕಣ್ಣಿಗೆ ಕಟ್ಟಿ, ಅದು ಅಲ್ಲಿಗೇ ನಿಂತಿತು. ಹಾಗಾದರೆ ಸಿಗದಿರಲಿ ಎನ್ನೋಣವೇ ಎಂದರೆ, ಕತ್ತಿ ಹಿಡಿದು ನಿಂತ ವೀರಭದ್ರನ ಎದುರು ಅದನ್ನು ಅನ್ನುವ ಧೈರ್ಯವಾಗಲಿ, ಅಂಥ ಮನಸ್ಸಾಗಲಿ ನನಗಿರಲಿಲ್ಲ. ಅವಳಿಗೆ ಸಿಗಲಿ, ಆದರೆ... ಎಂದು ಮೂರನೆಯ ಸಲ ಶುರುಮಾಡಿದೆ. ದೇವರಿಗೆ ಇರುವುದು ಎರಡೇ ಭುಜ. ‘ಆದರೆ’ಯನ್ನು ಅಂಟಿಸುವುದಕ್ಕೆ ಅಲ್ಲಿ ಜಾಗವಿಲ್ಲ. ಹೀಗೆ ತಡವರಿಸುತ್ತಿರುವಾಗಲೇ ಹೂವು ಬಿದ್ದ ಸಣ್ಣ ಸದ್ದಾಯಿತು.

“ಬಲಕ್ಕೇ ಆಯ್ತು! ಇಷ್ಟು ಬೇಗ ಕೊಟ್ಟಿದ್ದನ್ನ ನಾನೇ ಕಂಡಿಲ್ಲ,” ಎಂದು ಅಯ್ಯನವರು ಸಂಭ್ರಮದಿಂದ ಹೂವನ್ನು ನನ್ನ ಅಂಗೈಗೆ ಹಾಕಿದರು. ನಾನು ತೇವದ ಹೂವನ್ನು ನೋಡುತ್ತ ನಿಂತೆ. ಒಪ್ಪಿಗೆಯೇನೋ ಸಿಕ್ಕಿತ್ತು, ಯಾವುದಕ್ಕೆ ಎಂಬುದು ಮಾತ್ರ ಗೊತ್ತಿರಲಿಲ್ಲ. “ಇನ್ನೇನ್ ಬೇಕು ನಿಮ್ಗೆ? ಮುಖ ಯಾಕೆ ಹಂಗ್ ಮಾಡ್ತೀರಿ?” ಎಂದರು ಅವರು.

ಮನೆಗೆ ಬಂದು ಮುಚ್ಚಿಡಲಾಗಲಿಲ್ಲ. ನನ್ನ ಕಿವಿಯ ಮೇಲಿದ್ದ ಹೂವನ್ನು ನೋಡಿದವಳೇ ಸವಿತಾ ಕೇಳಿದಳು, “ಬಲಕ್ಕಾ?”

“ಬಲಕ್ಕೆ.”

“ಆವಾಗ್ಲೂ ಬಲಕ್ಕೇ ಅಲ್ವಾ.” ಅದರಲ್ಲಿ ಕೊಂಕು ಇರಲಿಲ್ಲ. “ಏನಂತ ಕೇಳ್ಕೊಂಡ್ರಿ?” ಎಂದಳು.

“ಕೇಳ್ಲೇ ಇಲ್ಲ ಮಾರಾಯ್ತಿ. ಏನ್ ಕೇಳ್ಬೇಕು ಅಂತ ಯೋಚ್ನೆ ಮಾಡೋದ್ರೊಳಗೆ ಬಿದ್ದುಬಿಡ್ತು.”

ಅವಳು ನಗುತ್ತಾಳೆಂದುಕೊಂಡಿದ್ದೆ. ಅವಳು ಬಂಡೆಯ ಮುಂದೆ ಕುಳಿತು ಕಲ್ಲುಹೂವನ್ನು ನೋಡುವಂತೆ ನನ್ನನ್ನು ಹತ್ತಿರದಿಂದ, ಅವಸರವಿಲ್ಲದೆ ನೋಡಿದಳು. “ಹೌದಾ,” ಎಂದಳು. ಅಷ್ಟೇ. ಒಳಗೆ ಹೋಗಿ ಅಕ್ಕಿ ಪಾತ್ರೆಗೆ ನೀರು ಬಿಟ್ಟ ಸದ್ದು ಬಹಳ ಹೊತ್ತು ಕೇಳಿತು.

ಮೇಲ್ ಬಂದದ್ದು ಏಪ್ರಿಲ್‌ನ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ರಾಮೇಗೌಡರು ಹಳೆಯ ಸ್ಪ್ರೇಯರಿನ ವಾಷರ್ ಒಂದನ್ನು ಬೆರಳಿಗೆ ಸಿಕ್ಕಿಸಿಕೊಂಡು ಬಂದು, ಇಂಥದ್ದೇ ಬೇಕೆಂದು ನಿಂತಿದ್ದರು. ಗೋಣಿಬೀಡಿನ ಕಡೆಯ ಬಸ್ಸು ನಿಂತು, ಆ ಹೊತ್ತಿನಲ್ಲಿ ಎಂದೂ ಇಳಿಯದ ಸವಿತಾ ಅದರಿಂದ ಇಳಿದಳು. ರಸ್ತೆ ದಾಟಿ ಬಂದು, ಗೌಡರ ಹಿಂದೆ, ಸರದಿಯಲ್ಲಿರುವ ಗಿರಾಕಿಯಂತೆ ನಿಂತಳು.

“ಬಂತು ರೀ,” ಎಂದಳು. “ಕೊನೇದು. ಕರ್ದಿದ್ದಾರೆ. ಸ್ಟೈಪೆಂಡೂ ಕೊಡ್ತಾರೆ.”

ನನಗಿಂತ ಮೊದಲು ಗೌಡರು ತಿರುಗಿದರು. “ಭಲೇ ಟೀಚರ್! ಪಲಾವಿನ ಸೊಪ್ಪಿಗೆ ಅಷ್ಟು ಮರ್ಯಾದೆನಾ! ಹಂಗಾದ್ರೆ ಹೋಗೋದೇ ಸೈಯಾ?”

ಸವಿತಾ ನನ್ನ ಕಡೆ ನೋಡಿದಳು. ಮೊಬೈಲನ್ನು ನೋಡುತ್ತಿದ್ದಳಲ್ಲ ಇಷ್ಟು ತಿಂಗಳು, ಅದೇ ನೋಟ; ಅದರಲ್ಲಿ ಅದೇ ಹೆದರಿಕೆ. ಆಗ ನನಗೆ, ನಿಧಾನವಾಗಿ ಅರ್ಥವಾಗುವ ನನ್ನಂಥವನಿಗೂ, ಅರ್ಥವಾಯಿತು. ಅವಳು ಕಾಯುತ್ತಿದ್ದದ್ದು ಎರಡು ಉತ್ತರಗಳಿಗೆ. ಒಂದು ಆ ಚಳಿಯ ಊರಿನಿಂದ ಬರಬೇಕಾಗಿತ್ತು, ಬಂದಿತ್ತು. ಇನ್ನೊಂದು ಬರಬೇಕಾದದ್ದು ಇದೇ ಮನೆಯಿಂದ, ಒಂದೇ ಅನ್ನ ಉಣ್ಣುತ್ತಿದ್ದವನಿಂದ. ಅವನು ಹಿಮದ ಸುದ್ದಿ ಹೇಳುತ್ತ, ಆ ಊರಿನ ಗುಮಾಸ್ತರನ್ನು ಸಮರ್ಥಿಸುತ್ತ ಕಾಲ ತಳ್ಳಿದ್ದ. ನನ್ನ ಅಪ್ಪಣೆ ಅವಳಿಗೆ ಬೇಕಾಗಿರಲಿಲ್ಲ, ಅವಳು ಹೇಗೂ ಹೋಗುವವಳೇ. ಆದರೆ ಹಗುರವಾಗಿ ಹೋಗುತ್ತಾಳೋ ಭಾರವಾಗಿ ಹೋಗುತ್ತಾಳೋ ಎಂಬುದು ನನ್ನ ಒಂದು ಮಾತಿನಲ್ಲಿತ್ತು. ವೀರಭದ್ರನ ಎದುರು ನನಗೆ ಪ್ರಶ್ನೆ ಸಿಗದಿದ್ದದ್ದು ಸಹಜವೇ. ಅವಳ ಪ್ರಶ್ನೆ ಇದ್ದದ್ದೇ ನನಗೆ.

“ಹೋಗ್ತಾಳೆ ಗೌಡ್ರೆ,” ಎಂದೆ. “ಹೋಗ್ದೆ ಮತ್ತೆ?”

ದನಿ ನಡುಗಲಿಲ್ಲ. ನನ್ನ ಜೀವನದಲ್ಲಿ ನಾನು ಮೆಚ್ಚಿಕೊಳ್ಳಬಹುದಾದ ಕೆಲವೇ ಸಂಗತಿಗಳಲ್ಲಿ ಅದನ್ನೂ ಸೇರಿಸಿಕೊಂಡಿದ್ದೇನೆ. ಸವಿತಾಳ ಮುಖದಲ್ಲಿ ಆದದ್ದನ್ನು ಬಣ್ಣಿಸುವ ಶಕ್ತಿ ನನಗಿಲ್ಲ. ಗುಡ್ಡದ ಮೇಲೆ, ಮೊಣಕಾಲಿನ ಮಣ್ಣು ಕೊಡವಿಕೊಳ್ಳುತ್ತ ಏಳುವಾಗ ಇರುವ ಮುಖ, ಅಷ್ಟು ಹೇಳಬಲ್ಲೆ.

“ಹೋಗ್ಲಿ, ಹೋಗ್ಬೇಕಾದ್ದೇ,” ಎಂದರು ಗೌಡರು. “ಈಗ ನನ್ ವಾಷರ್ ಕೊಡು ಮಾರಾಯ.”

ನಾನು ಅವರಿಬ್ಬರಿಗೂ ಬೆನ್ನು ಹಾಕಿ ಗೋಡೆಯ ಖಾನೆಗಳ ಕಡೆ ತಿರುಗಿದೆ. ಆ ಅಳತೆಯ ವಾಷರ್ ಎಲ್ಲಿದೆಯೆಂದು ನನಗೆ ಕಣ್ಣು ಕಟ್ಟಿದರೂ ಗೊತ್ತು. ಕೈಯಳತೆಯಲ್ಲಿ, ಮೊದಲ ಡಬ್ಬಿಯಲ್ಲೇ ಇರುತ್ತದೆ. ನಾನು ಅತ್ತ ತುದಿಯ ಡಬ್ಬಿಯನ್ನು ಇಳಿಸಿಕೊಂಡು ಅದರಲ್ಲಿ ಹುಡುಕತೊಡಗಿದೆ. ಅದು ಮುಗಿದ ಮೇಲೆ ಅದರ ಪಕ್ಕದ್ದು. ಸವಿತಾಗೂ ಗೊತ್ತು ಅದು ಯಾವ ಡಬ್ಬಿಯಲ್ಲಿದೆಯೆಂದು. ಹಿಂದಿನಿಂದ ಸ್ಟೂಲು ಎಳೆದ ಸದ್ದು ಕೇಳಿಸಿತು.

“ಕೂತ್ಕೊಳ್ಳಿ ಗೌಡ್ರೆ,” ಎನ್ನುತ್ತಿದ್ದಳು ಅವಳು. “ಸ್ವಲ್ಪ ಹೊತ್ತಾಗ್ಬೋದು.”