ಮೇರಮ್ಮನವರು ರುಜು ಹಾಕಲಿಲ್ಲ

ಮೊದಲನೆಯ ಜರ್ಮನಿ ಯುದ್ಧದ ಕಾಲದ ಮಾತು. ಶಾಸನಸಭೆಗೆ ಸರ್ಕಾರ ನೇಮಿಸಿದವರು ಬೇಡ, ಪ್ರಜೆಗಳೇ ಆರಿಸಿದವರು ಹೋಗಲಿ ಎಂದು ಮೈಸೂರಿನ ಏಳು ಸಂಘಗಳು ಒಂದಾಗಿ ಮನವಿ ಬರೆದಿದ್ದವು. ಅದಕ್ಕೆ ಮನೆಮನೆಗೂ ಹೋಗಿ ರುಜು ಹಾಕಿಸುವ ಕೆಲಸ ನನ್ನದು.

ಕ್ರೈಸ್ತರ ಇಗರ್ಜಿಯ ಹಿಂದಿನ ಬೀದಿಯಲ್ಲಿ ಗಂಡಸರು ಏನು ಎತ್ತ ಕೇಳದೆ ಹೆಬ್ಬೆಟ್ಟು ಒತ್ತಿದರು. ಕೊನೆಯ ಮನೆ ಹುಡುಗಿಯರ ಶಾಲೆಯ ಉಪಾಧ್ಯಾಯಿನಿ ಮೇರಮ್ಮನವರದು. ಆ ಬೀದಿಗೆ ಬರುವ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವರು ಅವರೇ. ಮನವಿಯನ್ನು ಪೂರ್ತಿ ಓದಿದವರೂ ಅವರೊಬ್ಬರೇ.

"ವಯಸ್ಸಿಗೆ ಬಂದ ಗಂಡಸರಿಗೆ ವೋಟು ಅಂತ ಬರೆದಿದ್ದೀರಲ್ಲ ಸ್ವಾಮಿ, ನಾನು?"

"ಮೊದಲು ಇಷ್ಟು ಸಿಗಲಿ ತಾಯಿ. ಹೆಂಗಸರದ್ದು ಆಮೇಲೆ ನೋಡೋಣ. ಅದಕ್ಕಿನ್ನೂ ಕಾಲ ಬಂದಿಲ್ಲ."

"ಸರ್ಕಾರದವರು ನಿಮಗೆ ಹೇಳ್ತಿರೋದೂ ಇದನ್ನೇ ಅಲ್ವೇ?"

ಅವರು ಕಾಗದ ಮಡಿಸಿ ಕೈಗೆ ಕೊಟ್ಟರು. "ಗಂಡಸರು ಅನ್ನೋ ಆ ಒಂದು ಮಾತು ತೆಗೆಸಿಕೊಂಡು ಬನ್ನಿ, ರುಜು ಹಾಕ್ತೀನಿ."

ಭಾನುವಾರ ಏಳೂ ಸಂಘಗಳ ಸಭೆಯಲ್ಲಿ ಎದ್ದು ನಿಂತು ಅದನ್ನೇ ಕೇಳಿದೆ. ಕೆಲವರು ನಕ್ಕರು. ಅಧ್ಯಕ್ಷರು ನಗಲಿಲ್ಲ. "ಹಾಗೆ ಮಾಡಿದರೆ ಸರ್ಕಾರ ಮನವಿಯನ್ನು ಓದುವುದೂ ಇಲ್ಲ" ಎಂದು ವಿಷಯವನ್ನು ಮತಕ್ಕೆ ಹಾಕಿದರು. ನನ್ನ ಪರವಾಗಿ ಎದ್ದದ್ದು ನನ್ನದೂ ಸೇರಿ ಮೂರು ಕೈ.

ಮರುದಿನ ಮೇರಮ್ಮನವರಿಗೆ ತಿಳಿಸಲು ಹೋದೆ.

"ಸಭೆಗೆ ಹೆಂಗಸರು ಎಷ್ಟು ಜನ ಬಂದಿದ್ದರು?" ಎಂದು ಕೇಳಿದರು.

ಒಬ್ಬರೂ ಇರಲಿಲ್ಲ, ಆದರೆ ಕೈ ಎತ್ತಿಸಿ, ಎಣಿಸಿ, ಎಲ್ಲವನ್ನೂ ಪ್ರಜಾಪ್ರಭುತ್ವದ ಕ್ರಮದಲ್ಲೇ ತೀರ್ಮಾನಿಸಿದೆವು ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದೆ.